ಕೋನಾ ಟ್ರಯಾಥ್ಲಾನ್‌ಗೆ ಹೊರಡುವ ಮುಂಚೆ: ಗಾಳಿ, ಕಡಲು, ಸೆಕೆ ಮೂರಕ್ಕೂ ಹೀಗೆ ತಯಾರಾಗಿ

ಹವಾಯಿಯ ಕೈಲುವಾ-ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಈ ದೂರ ಬೇರೆ ಊರಿನ ಐರನ್‌ಮ್ಯಾನ್‌ಗಳಲ್ಲೂ ಅಷ್ಟೇ ಇರುತ್ತದೆ. 1981ರಲ್ಲಿ ಓವಾಹು ದ್ವೀಪದಿಂದ ಇಲ್ಲಿಗೆ ಬಂದ ಮೇಲೆ ಈ ರೇಸ್‌ಗೆ ಹೆಸರು ಬಂದದ್ದು ಲಾವಾ ಬಯಲಿನ ಬಿಸಿಲು ಮತ್ತು ಅಡ್ಡಗಾಳಿಯಿಂದ. ಹಾಗಾಗಿ ಕಾಲು ಗಟ್ಟಿ ಮಾಡಿಕೊಳ್ಳುವಷ್ಟೇ ಗಮನ ಹವೆಯ ಕಡೆಗೂ ಇರಲಿ.

ಹೆಚ್ಚಿನವರು ಮಾಡುವುದೇನು? ಫೋನಲ್ಲಿ ಹವಾಮಾನದ ಆ್ಯಪ್ ತೆರೆಯುತ್ತಾರೆ, "ಕೈಲುವಾ-ಕೋನಾ, 30 ಡಿಗ್ರಿ, ಅಲ್ಲಲ್ಲಿ ಮೋಡ" ಅಂತ ನೋಡುತ್ತಾರೆ, ಓ ಇದು ನಮ್ಮೂರ ಮಾರ್ಚ್ ತಿಂಗಳಿಗಿಂತ ಪರವಾಗಿಲ್ಲ ಅಂದುಕೊಂಡು ಮುಚ್ಚಿಡುತ್ತಾರೆ. ಆ ಒಂದು ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ನೀವು ಆ ದಿನ ಒಂದೇ ಜಾಗದಲ್ಲಿ ಕೂತಿರುವುದಿಲ್ಲವಲ್ಲ. ಒಂದು ಹಾಳೆ ತಗೊಳ್ಳಿ. ಎಡಗಡೆ ಗಂಟೆ, ಪಕ್ಕದಲ್ಲಿ ಆ ಹೊತ್ತಿಗೆ ನೀವು ಎಲ್ಲಿರುತ್ತೀರಿ, ಅದರ ಪಕ್ಕ ಆ ಜಾಗದ ಗಾಳಿ, ಬಿಸಿಲು, ನೀರು. ಉದಾಹರಣೆಗೆ ಬೆಳಗ್ಗೆ 7ಕ್ಕೆ ನೀರಿಗಿಳಿದು 13 ಗಂಟೆಯಲ್ಲಿ ಮುಗಿಸುವ ಅಂದಾಜು ಇದ್ದರೆ 8:30ಕ್ಕೆ ಸೈಕಲ್ ಮೇಲಿರುತ್ತೀರಿ, 11:30ರ ಸುಮಾರಿಗೆ ಹಾವಿ ಅನ್ನುವ ತಿರುವಿನ ಊರು, ಮಧ್ಯಾಹ್ನ 1ರಿಂದ 3ರವರೆಗೆ ಕ್ವೀನ್ ಕಾಹುಮಾನು (ಕ್ವೀನ್ ಕೆ.) ಹೆದ್ದಾರಿಯಲ್ಲಿ ವಾಪಸ್, 3ರಿಂದ ಓಟ. ಅಕ್ಟೋಬರ್‌ನಲ್ಲಿ ಅಲ್ಲಿ ಸಂಜೆ 6ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಅಂದರೆ ಕೊನೆಯ ಎರಡು ಗಂಟೆ ಕತ್ತಲಲ್ಲಿ. ಮುಂಚೂಣಿಯ ವೃತ್ತಿಪರರು ಎಂಟು ಗಂಟೆ, ಎಂಟೂವರೆಯಲ್ಲಿ ಮುಗಿಸಿಬಿಡುತ್ತಾರೆ. ಅವರಿಗೆ ಸಿಗುವ ಗಾಳಿಯೇ ಬೇರೆ, ನಿಮಗೆ ಸಿಗುವ ಗಾಳಿಯೇ ಬೇರೆ. ಅವರ ಸಲಹೆ ಓದುವಾಗ ಇದು ನೆನಪಿರಲಿ.

ಗಾಳಿ ಎಲ್ಲಿಂದ ಬರುತ್ತದೆ

ಹವಾಯಿಗೆ ಈಶಾನ್ಯದಿಂದ ವ್ಯಾಪಾರ ಮಾರುತ ಬೀಸುತ್ತದೆ. ಕೋನಾ ಪಟ್ಟಣ ಇರುವುದು ದ್ವೀಪದ ಪಶ್ಚಿಮಕ್ಕೆ, ಮೌನಾ ಲೋವಾ, ಹುವಾಲಾಲೈ ಬೆಟ್ಟಗಳ ಮರೆಯಲ್ಲಿ. ಹೀಗಾಗಿ ಪಟ್ಟಣದಲ್ಲಿ ಆ ಗಾಳಿ ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ಬೆಟ್ಟದಿಂದ ಕಡಲಿಗೆ, ಹಗಲು ನೆಲ ಕಾದ ಮೇಲೆ ಕಡಲಿಂದ ನೆಲಕ್ಕೆ, ಹದವಾಗಿ ಬೀಸುತ್ತದೆ. ನೀವು ಹೋಟೆಲ್ ಬಾಲ್ಕನಿಯಲ್ಲಿ ನಿಂತು ಇವತ್ತು ಗಾಳಿಯೇ ಇಲ್ಲ ಅಂದುಕೊಂಡರೆ ಮೋಸ ಹೋದಿರಿ. ಯಾಕೆಂದರೆ ಸೈಕಲ್ ದಾರಿ ಉತ್ತರಕ್ಕೆ ಹೋಗುತ್ತದೆ. ಅಲ್ಲಿ ಕೊಹಾಲಾ ಬೆಟ್ಟಕ್ಕೂ ಮೌನಾ ಕೀಗೂ ನಡುವೆ ಒಂದು ಕಣಿವೆಯಂಥ ಸಂದಿ ಇದೆ. ಅದೇ ವ್ಯಾಪಾರ ಮಾರುತ ಆ ಸಂದಿಯಲ್ಲಿ ಹಿಂಡಿಕೊಂಡು ವೇಗ ಹೆಚ್ಚಿಸಿಕೊಂಡು ಕವೈಹೇ ಕಡೆಗೆ ನುಗ್ಗುತ್ತದೆ. ಸ್ಥಳೀಯರು ಇದನ್ನು ಮುಮುಕು ಅನ್ನುತ್ತಾರೆ. ಹಾವಿ ಹತ್ತಿರವಂತೂ ದ್ವೀಪದ ಉತ್ತರದ ತುದಿ, ತಡೆಯಲು ಬೆಟ್ಟವೂ ಇಲ್ಲ.

ಹಾಗಾಗಿ ವಿಂಡಿ ತರಹದ ಆ್ಯಪ್‌ನಲ್ಲಿ ಮೂರು ಕಡೆ ಗುರುತು ಹಾಕಿಕೊಳ್ಳಿ: ಕೈಲುವಾ, ಕವೈಹೇ, ಹಾವಿ. ಸರಾಸರಿ ವೇಗದ ಜೊತೆಗೆ ಝೋಂಕು ಎಷ್ಟಿದೆ ಅನ್ನುವುದನ್ನೂ ನೋಡಿ. ಸಮನಾಗಿ ಬೀಸುವ ಗಾಳಿಗೆ ಸೈಕಲ್ ಹೊಂದಿಕೊಳ್ಳುತ್ತದೆ. ಬೀಳಿಸುವುದು ಇದ್ದಕ್ಕಿದ್ದಂತೆ ಹೊಡೆಯುವ ಝೋಂಕು. ಕೋನಾದಲ್ಲಿ ಡಿಸ್ಕ್ ಚಕ್ರಕ್ಕೆ (ಕಡ್ಡಿ ಕಾಣದಂತೆ ಪೂರ್ತಿ ಮುಚ್ಚಿದ ಚಕ್ರ) ಅನುಮತಿ ಇಲ್ಲದಿರುವುದು ಇದಕ್ಕೇ. ಡಿಸ್ಕ್ ಅಲ್ಲದಿದ್ದರೆ ಹಿಂದಿನ ಚಕ್ರ ಹೇಗಾದರೂ ಇರಲಿ, ಮುಂದಿನದು ಪಕ್ಕದಿಂದ ನೋಡಿದರೆ ಅಗಲವಾಗಿ ಕಾಣುವ ಆಳ ರಿಮ್‌ದು ಬೇಡ, ಅದರಲ್ಲೂ ನಿಮ್ಮ ತೂಕ 60 ಕೆ.ಜಿ. ಒಳಗಿದ್ದರೆ. ಎರಡು ನಿಮಿಷ ಉಳಿಸಲು ಹೋಗಿ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಕೂತರೆ ಹತ್ತು ನಿಮಿಷ ಹೋಗುತ್ತದೆ.

ಅಡ್ಡಗಾಳಿ ಅಭ್ಯಾಸಕ್ಕೆ ಹವಾಯಿಗೇ ಹೋಗಬೇಕಿಲ್ಲ. ಚಿತ್ರದುರ್ಗದ ಸುತ್ತಮುತ್ತ, ಗದಗದ ಕಡೆ ಗಾಳಿಗಿರಣಿ ಸುಮ್ನೆ ನಿಲ್ಲಿಸಿಲ್ಲ ಅಲ್ವಾ! ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಬೀಸುವ ಗಾಳಿ ಸಾಕಷ್ಟಿದೆ. ಲಾರಿ ಓಡಾಡದ ಒಳರಸ್ತೆ ಹುಡುಕಿಕೊಳ್ಳಿ. ಏರೋ ಬಾರ್ (ಬಾಗಿ ಮೊಣಕೈ ಊರಲು ಹ್ಯಾಂಡಲ್ ಮುಂದೆ ಇರುವ ಕೋಲು) ಮೇಲೆ ಮೊಣಕೈ ಸಡಿಲ ಬಿಟ್ಟು, ಪೆಡಲ್ ತುಳಿಯುತ್ತಲೇ ಇರುವುದನ್ನು ಕಲಿಯಿರಿ. ಗಾಬರಿಯಾದಾಗ ಕೈ ಬಿಗಿಯಾಗುತ್ತದೆ, ಕಾಲು ನಿಲ್ಲುತ್ತದೆ, ಸೈಕಲ್ ಓಲಾಡುವುದು ಆವಾಗಲೇ. ಹಾವಿಯಿಂದ ಇಳಿಯುವಾಗ ಇದು ಬೇಕಾಗುತ್ತದೆ. ಇನ್ನು ವಾಪಸ್ ಬರುವಾಗ ಹೆದ್ದಾರಿಯಲ್ಲಿ ಎದುರುಗಾಳಿ ಸಿಗುವುದೇ ಹೆಚ್ಚು. ಹಾಳೆಯಲ್ಲಿ ಆ ಎರಡು ಗಂಟೆಗೆ ವೇಗ ಬರೆಯಬೇಡಿ, ಎಷ್ಟು ವ್ಯಾಟ್ (ಪೆಡಲ್‌ಗೆ ಹಾಕುವ ಬಲದ ಅಳತೆ) ಅಥವಾ ಎಷ್ಟು ನಾಡಿಬಡಿತ ಅಂತ ಬರೆದುಕೊಳ್ಳಿ. ಗಂಟೆಗೆ 26 ಕಿ.ಮೀ.ಗೆ ಇಳಿದದ್ದು ನೋಡಿ ಜನ ಸಿಟ್ಟಾಗಿ ತುಳಿಯುತ್ತಾರೆ, ಅದರ ಬೆಲೆ ಓಟದಲ್ಲಿ ಕಟ್ಟುತ್ತಾರೆ.

ನೀರು

ಇದು ಎಲ್ಲರೂ ಹೆದರುವ ಭಾಗ, ಆದರೆ ನನ್ನ ಪ್ರಕಾರ ಮೂರರಲ್ಲಿ ಸುಲಭದ್ದು. ಕೈಲುವಾ ಕೊಲ್ಲಿಯ ನೀರು ಅಕ್ಟೋಬರ್‌ನಲ್ಲಿ 26–27 ಡಿಗ್ರಿ ಇರುತ್ತದೆ, ತಳ ಕಾಣುವಷ್ಟು ತಿಳಿ. ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನ ಈಜುಡುಪು) ಇಲ್ಲ. ತಣ್ಣೀರಿನ ಬೇರೆ ರೇಸ್‌ನಲ್ಲಿ ವೆಟ್‌ಸೂಟ್ ತೇಲಿಸುವುದನ್ನು ನಂಬಿಕೊಂಡು ಈಜಿ ಕೋನಾಗೆ ಅರ್ಹತೆ ಪಡೆದವರು ಅಲ್ಲಿ ತೆಗೆದುಕೊಂಡ ಸಮಯವನ್ನೇ ಇಲ್ಲೂ ಲೆಕ್ಕ ಹಾಕಬಾರದು. ಉಪ್ಪುನೀರು ಸ್ವಲ್ಪ ತೇಲಿಸುತ್ತದೆ ನಿಜ, ಆದರೆ ಅಷ್ಟಲ್ಲ. ಟ್ರೈಸೂಟ್ (ಮೂರಕ್ಕೂ ಹಾಕುವ ರೇಸ್ ಉಡುಪು) ಮೇಲೆ ಹಾಕುವ ತೆಳು ಈಜುಡುಪು ಸ್ವಿಮ್‌ಸ್ಕಿನ್‌ಗೆ ಅವಕಾಶವಿದೆ. ತಗೊಂಡರೆ ಮನೆಯಲ್ಲೇ ಅದನ್ನು ಹಾಕಿ ಈಜಿ ನೋಡಿ. ಕುತ್ತಿಗೆ, ಕಂಕುಳು ಉಜ್ಜುತ್ತದೆ, ಅದರ ಮೇಲೆ ಉಪ್ಪು ಬಿದ್ದರೆ ಇಡೀ ದಿನ ಉರಿ. ವ್ಯಾಸಲೀನ್ ಧಾರಾಳವಾಗಿ ಹಚ್ಚಿ, ಕೈ ಒರೆಸಿಕೊಂಡು ಆಮೇಲೆ ಗಾಗಲ್ ಮುಟ್ಟಿ.

ಅಲೆಯ ಮುನ್ಸೂಚನೆ ಓದುವಾಗ ಎತ್ತರ ಒಂದನ್ನೇ ನೋಡಬೇಡಿ. ಒಂದು ಅಲೆಗೂ ಮುಂದಿನದಕ್ಕೂ ಎಷ್ಟು ಸೆಕೆಂಡ್ ಅಂತರ, ಯಾವ ದಿಕ್ಕಿನಿಂದ ಬರುತ್ತಿದೆ, ಈ ಎರಡೂ ಮುಖ್ಯ. ಒಂದು ಮೀಟರ್ ಅಲೆ 6 ಸೆಕೆಂಡಿಗೊಮ್ಮೆ ಬಂದರೆ ಅದು ಅಲ್ಲೇ ಹತ್ತಿರದ ಗಾಳಿ ಎಬ್ಬಿಸಿದ್ದು, ಮುಖಕ್ಕೆ ರಾಚುತ್ತದೆ, ಉಸಿರಿನ ತಾಳ ತಪ್ಪಿಸುತ್ತದೆ. ಅದೇ ಒಂದು ಮೀಟರ್ 14 ಸೆಕೆಂಡಿಗೊಮ್ಮೆ ಬಂದರೆ ದೂರದ ಬಿರುಗಾಳಿಯಿಂದ ಬಂದದ್ದು. ಆಳದಲ್ಲಿ ಅದು ನಿಮ್ಮನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ ಅಷ್ಟೇ, ಆದರೆ ದಡದ ಹತ್ತಿರ ಬಲ ತೋರಿಸುತ್ತದೆ. ಎತ್ತಿ ಇಳಿಸುವುದಕ್ಕೇ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ನಿಮಗೆ ಹಾಗಾಗುತ್ತದೆಯಾ ಅನ್ನುವುದು ಈಜುಕೊಳದಲ್ಲಿ ಗೊತ್ತಾಗುವುದಿಲ್ಲ.

ಗೊತ್ತು ಮಾಡಿಕೊಳ್ಳಲು ಕಡಲಿಗೇ ಇಳಿಯಬೇಕು, ಇಲ್ಲೇ ನಮ್ಮವರಿಗೆ ತೊಂದರೆ. ರೇಸ್ ಅಕ್ಟೋಬರ್‌ನಲ್ಲಿ. ಅದರ ಹಿಂದಿನ ಮೂರ್ನಾಲ್ಕು ತಿಂಗಳು ಮಲ್ಪೆ, ಕಾಪು, ಪಣಂಬೂರು ಎಲ್ಲಾ ಕಡೆ ಮಳೆಗಾಲದ ಕಡಲು, ನೀರಿಗಿಳಿಯಲು ಬಿಡುವುದೇ ಇಲ್ಲ, ಬಿಡಲೂ ಬಾರದು. ಆದ್ದರಿಂದ ಕಡಲ ಈಜಿನ ಕಲಿಕೆ ಏಪ್ರಿಲ್ ಒಳಗೇ ಮುಗಿಸಿ. ಎರಡೂ ಕಡೆಗೆ ಉಸಿರು ತೆಗೆಯುವುದು, ತಲೆ ಎತ್ತಿ ಗುರುತು ನೋಡುವುದು, ಗುಂಪಿನಲ್ಲಿ ಒದೆ ತಿನ್ನುವುದು. ಆಮೇಲೆ ಕೋನಾ ತಲುಪಿದ ದಿನದಿಂದ ಪಿಯರ್ (ಈಜು ಶುರುವಾಗುವ ದೋಣಿಕಟ್ಟೆ) ಪಕ್ಕದಲ್ಲೇ ದಿನಾ ಬೆಳಗ್ಗೆ, ರೇಸ್ ಶುರುವಾಗುವ ಹೊತ್ತಿಗೇ ಈಜಿ. ಸೂರ್ಯ ಬೆಟ್ಟದ ಹಿಂದಿನಿಂದ ಏಳುವುದರಿಂದ ಮೊದಲು ಮಬ್ಬು, ಆಮೇಲೆ ಒಮ್ಮೆಲೇ ಕಣ್ಣಿಗೆ ಬೆಳಕು. ಯಾವ ಬಣ್ಣದ ಗಾಗಲ್ ಅನ್ನುವುದನ್ನು ಆಗ ತೀರ್ಮಾನ ಮಾಡಿ. ದಾರಿ ತೋರಿಸಲು ತೇಲಿಬಿಟ್ಟ ಬೋಯಾ ಸಣ್ಣದು, ಅಲೆಯ ಮರೆಗೆ ಹೋಗುತ್ತದೆ. ಅದರ ಹಿಂದೆ ದಡದ ಮೇಲಿನ ಕಟ್ಟಡವೋ ಚರ್ಚ್ ಗೋಪುರವೋ ಒಂದು ದೊಡ್ಡ ಗುರುತು ಹುಡುಕಿಟ್ಟುಕೊಳ್ಳಿ. ಹೋಗುವಾಗ 500 ಮೀಟರ್‌ಗೆ ಎಷ್ಟು ಹೊತ್ತು, ಬರುವಾಗ ಎಷ್ಟು ಅಂತ ವಾಚ್ ನೋಡಿದರೆ ಸೆಳೆತ ಯಾವ ಕಡೆಗಿದೆ ಅನ್ನುವುದೂ ತಿಳಿಯುತ್ತದೆ.

ಕಾಲು ಕೆಳಗೆ ಊರಬೇಡಿ. ಬಂಡೆಗಳ ಮೇಲೆ ಸೀ ಅರ್ಚಿನ್ ಇರುತ್ತದೆ, ಉದ್ದ ಕರಿ ಮುಳ್ಳು, ಚುಚ್ಚಿದರೆ ಒಳಗೇ ಮುರಿಯುತ್ತದೆ. ರೇಸ್‌ಗೆ ಮೂರು ದಿನ ಇರುವಾಗ ಅದು ಯಾರಿಗೂ ಬೇಡ. ಜೆಲ್ಲಿಫಿಶ್ ವಿಷಯ: ಹವಾಯಿಯ ಬಾಕ್ಸ್ ಜೆಲ್ಲಿಫಿಶ್ ಹುಣ್ಣಿಮೆಯಾಗಿ 8–10 ದಿನಕ್ಕೆ ದಡಕ್ಕೆ ಬರುತ್ತದೆ, ಮುಖ್ಯವಾಗಿ ಓವಾಹುವಿನ ದಕ್ಷಿಣದ ಕಡಲತೀರಗಳಿಗೆ. ಕೋನಾಗೆ ಹೋಗುವ ದಾರಿಯಲ್ಲಿ ವೈಕೀಕಿಯಲ್ಲಿ ಇಳಿದು ಈಜುವ ಆಸೆ ಇದ್ದರೆ ಒಮ್ಮೆ ಪಂಚಾಂಗ ನೋಡಿ. ಕೋನಾದಲ್ಲೂ ಕುಟುಕುವುದು ಉಂಟು. 2018ರಲ್ಲಿ ಸ್ವಿಟ್ಜರ್ಲೆಂಡಿನ ಚಾಂಪಿಯನ್ ಡ್ಯಾನಿಯೆಲಾ ರಿಫ್ ಅವರಿಗೆ ಈಜು ಶುರುವಾಗುವ ಮುಂಚೆಯೇ ಕುಟುಕಿತ್ತು. ಈಜಿನಲ್ಲಿ ಹಿಂದೆ ಬಿದ್ದರೂ ಅವರು ದಾಖಲೆ ಸಮಯದಲ್ಲಿ ಗೆದ್ದರು. ಎಲ್ಲರೂ ಹಾಗೆ ಮಾಡಲು ಹೋಗಬೇಡಿ. ಕುಟುಕಿದರೆ ಮರಳು ಹಾಕಿ ಉಜ್ಜಬಾರದು. ವಿನಿಗರ್ ಸುರಿದು, ಅಂಟಿದ ಎಳೆಗಳನ್ನು ತೆಗೆದು, ತಡೆಯಲು ಆಗುವಷ್ಟು ಬಿಸಿನೀರಿನಲ್ಲಿ ಇಡುವುದು ಸರಿಯಾದ ಕ್ರಮ. ಎದೆ ಬಿಗಿದರೆ, ಉಸಿರು ಕಟ್ಟಿದರೆ ತಕ್ಷಣ ಕೈ ಎತ್ತಿ ರಕ್ಷಕರನ್ನು ಕರೆಯಿರಿ, ರೇಸ್ ಮುಂದಿನ ವರ್ಷವೂ ಇರುತ್ತದೆ.

ಸನ್‌ಸ್ಕ್ರೀನ್ ಇಲ್ಲಿಂದ ಒಯ್ಯುವವರು ಡಬ್ಬಿಯ ಹಿಂಭಾಗ ಓದಿ. ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಲ್ಲಿಸಿದೆ, ಹವಳಕ್ಕೆ ಹಾನಿ ಅಂತ. ಝಿಂಕ್ ಆಕ್ಸೈಡ್‌ದು ತಗೊಳ್ಳಿ.

ಸೆಕೆ

ಗಾಳಿಗೆ ಚಕ್ರ ಬದಲಿಸಬಹುದು, ಅಲೆಗೆ ಗಾಗಲ್ ಬದಲಿಸಬಹುದು. ಸೆಕೆಗೆ ದೇಹವೇ ಬದಲಾಗಬೇಕು, ಅದಕ್ಕೆ 10ರಿಂದ 14 ದಿನ ಬೇಕು. ಬೆಂಗಳೂರಿನವರಿಗೆ ಇದು ಜಾಸ್ತಿ ಅನ್ವಯ. 900 ಮೀಟರ್ ಎತ್ತರದ ತಂಪಿನಲ್ಲಿ ಬೆಳಗ್ಗೆ 5ಕ್ಕೆ ಓಡಿ ತಯಾರಾದ ದೇಹಕ್ಕೆ ಬೆವರುವುದೇ ಸರಿಯಾಗಿ ಗೊತ್ತಿರುವುದಿಲ್ಲ. ದಿನಾ ಒಂದು ಗಂಟೆ ಬಿಸಿಯಲ್ಲಿ ವ್ಯಾಯಾಮ ಮಾಡಿದರೆ ಮೊದಲ ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ನಾಡಿಬಡಿತ ಇಳಿಯುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಬಿಟ್ಟರೆ ಎರಡು ಮೂರು ವಾರದಲ್ಲಿ ಬಹುಪಾಲು ಹೋಗಿಯೂಬಿಡುತ್ತದೆ.

ಹೇಗೆ ಮಾಡುವುದು? ವಿದೇಶಿ ಕೋಚ್‌ಗಳು ಓಟ ಮುಗಿಸಿ 40 ಡಿಗ್ರಿ ಬಿಸಿನೀರಿನ ಟಬ್‌ನಲ್ಲಿ ಅರ್ಧ ಗಂಟೆ ಕೂರಿ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಟಬ್ ಎಲ್ಲಿ? ಫ್ಯಾನ್ ಹಾಕದೆ, ಕಿಟಕಿ ಮುಚ್ಚಿ, ಟ್ರೈನರ್ (ಸೈಕಲ್ ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ಸೈಕಲ್ ತುಳಿಯಿರಿ. ಜಿಮ್‌ನಲ್ಲಿ ಸ್ಟೀಮ್ ರೂಮ್ ಇದ್ದರೆ ವ್ಯಾಯಾಮದ ನಂತರ 15–20 ನಿಮಿಷ. ಇದಕ್ಕಿಂತ ಒಳ್ಳೆಯದು ಸೆಪ್ಟೆಂಬರ್ ಕೊನೆಗೆ ಮಂಗಳೂರಲ್ಲೋ ಉಡುಪಿಯಲ್ಲೋ ಯಾರಾದರೂ ನೆಂಟರ ಮನೆಯಲ್ಲಿ ಹತ್ತು ದಿನ ಇದ್ದು ಬರುವುದು. ಸೆಕೆಯಲ್ಲಿ ಮಂಗಳೂರು ಕೋನಾಗಿಂತ ಒಂದು ಕೈ ಮೇಲೆ. ಬಿ.ಪಿ., ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದ್ಯಾವುದನ್ನೂ ಮಾಡಬೇಡಿ, ಯಾರೇ ಆಗಲಿ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಮಾಡಬೇಡಿ.

ಅದೇ ದಿನಗಳಲ್ಲಿ ಬೆವರಿನ ಲೆಕ್ಕವೂ ಆಗಿಬಿಡಲಿ. ಓಟಕ್ಕೆ ಮುಂಚೆ, ಓಟದ ನಂತರ ಬಟ್ಟೆ ತೆಗೆದು ಮೈ ಒರೆಸಿ ತೂಕ ನೋಡಿ. ಒಂದು ಕೆ.ಜಿ. ಇಳಿದರೆ ಸುಮಾರು ಒಂದು ಲೀಟರ್ ಬೆವರು, ಮಧ್ಯೆ ಕುಡಿದದ್ದನ್ನು ಸೇರಿಸಿಕೊಳ್ಳಿ. ಕಳೆದುಕೊಂಡಷ್ಟೂ ಕುಡಿಯಬೇಕು ಅಂತಲ್ಲ. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ದೇಹದಲ್ಲಿ ನೀರು ಕಡಿಮೆಯಾಗುವುದಕ್ಕಿಂತಲೂ ಅಪಾಯ. ರೇಸ್ ಮಧ್ಯದಲ್ಲಿ ತೂಕ ಏರುತ್ತಿದೆ, ಬೆರಳು ಊದಿ ಉಂಗುರ ಬಿಗಿಯುತ್ತಿದೆ ಅಂದರೆ ಕುಡಿಯುವುದು ಕಡಿಮೆ ಮಾಡಿ.

ಆದರೆ ಕುಡಿಯುವ ಜಾಗಗಳನ್ನು ಬಿಟ್ಟು ಓಡುವುದು ಬೇಡವೇ ಬೇಡ. ಪೌಲಾ ನ್ಯೂಬಿ-ಫ್ರೇಸರ್ ಅಷ್ಟು ಹೊತ್ತಿಗೆ ಏಳು ಸಲ ಇಲ್ಲಿ ಗೆದ್ದಿದ್ದರು. 1995ರಲ್ಲಿ ಹಿಂದಿನಿಂದ ಬರುತ್ತಿದ್ದ ಕರೆನ್ ಸ್ಮೈಯರ್ಸ್‌ಗೆ ಸಿಗಬಾರದೆಂದು ಕೊನೆಯ ಕೆಲವು ನೀರಿನ ಮೇಜುಗಳನ್ನು ಬಿಟ್ಟು ಓಡಿದರು, ಓಟ ಮುಗಿಯುವ ಗೆರೆ ಕಣ್ಣೆದುರಿಗಿರುವಾಗಲೇ ರಸ್ತೆಯಲ್ಲಿ ಕುಸಿದರು. ಆಮೇಲೆ ಎದ್ದು ನಡೆದು ನಾಲ್ಕನೆಯವರಾದರು. ಅಂಥವರಿಗೇ ಹೀಗಾದರೆ ನಾವೆಲ್ಲ ಮೇಜಿನ ಹತ್ತಿರ ನಡೆದರೆ ಏನೂ ಅವಮಾನವಿಲ್ಲ. ಐಸ್ ಸಿಕ್ಕರೆ ಟೋಪಿಯೊಳಗೆ, ಎದೆಗೆ, ಕೈಯಲ್ಲಿ ಹಿಡಿದುಕೊಳ್ಳಲು. ತಲೆಗೆ ಸುರಿಯುವ ನೀರು ಶೂ ಒಳಗೆ ಹೋಗದಂತೆ ಮುಂದಕ್ಕೆ ಬಾಗಿ ಸುರಿದುಕೊಳ್ಳಿ, ಒದ್ದೆ ಸಾಕ್ಸ್‌ನಲ್ಲಿ ಗುಳ್ಳೆ ಏಳುತ್ತದೆ. ಓಟದ ದಾರಿಯಲ್ಲಿ ಕಡಲಂಚಿನ ರಸ್ತೆ ಅಲೀ ಡ್ರೈವ್‌ನಲ್ಲಿ ಗಾಳಿ ಆಡದೆ ಮೈ ಅಂಟುತ್ತದೆ. ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ಎನರ್ಜಿ ಲ್ಯಾಬ್ ರಸ್ತೆ ಕಡೆ ಮರವೇ ಇಲ್ಲ, ಕರಿ ಲಾವಾ ಕೆಳಗಿನಿಂದಲೂ ಕಾಯಿಸುತ್ತದೆ. ಎರಡಕ್ಕೂ ಹಾಳೆಯಲ್ಲಿ ಬೇರೆ ಬೇರೆ ವೇಗ ಬರೆದಿರಬೇಕು.

ಕೊನೆಯ ವಾರ

ಸಾಧ್ಯವಾದರೆ 8–10 ದಿನ ಮುಂಚೆ ತಲುಪಿ. ನಮಗೂ ಹವಾಯಿಗೂ 15 ಗಂಟೆ 30 ನಿಮಿಷ ವ್ಯತ್ಯಾಸ, ನಿದ್ದೆ ಸರಿಹೋಗಲೇ ಒಂದು ವಾರ ಹಿಡಿಯುತ್ತದೆ. ಹೋಟೆಲ್ ಎ.ಸಿ.ಯಲ್ಲೇ ದಿನವಿಡೀ ಕೂರಬೇಡಿ. ಐದು ದಿನ ಮುಂಚಿನ ಗಾಳಿಯ ಮುನ್ಸೂಚನೆ ನೋಡಿ ನಿದ್ದೆಗೆಡಬೇಡಿ, ಅದು ಬದಲಾಗುತ್ತದೆ. ಎರಡು ದಿನ ಉಳಿದಾಗಿನಿಂದ ಬೆಳಗ್ಗೆ, ಸಂಜೆ ಹೊನೊಲುಲು ಹವಾಮಾನ ಕಚೇರಿಯ ವರದಿ ಓದಿ. ಮಧ್ಯ ಪೆಸಿಫಿಕ್‌ನ ಚಂಡಮಾರುತದ ಕಾಲ ನವೆಂಬರ್‌ವರೆಗೂ ಇರುವುದರಿಂದ ದೂರದಲ್ಲಿ ಯಾವುದಾದರೂ ಎದ್ದಿದೆಯಾ ಅನ್ನುವುದೂ ಅದರಲ್ಲಿ ಇರುತ್ತದೆ. ಈಜು ಕಡಿತವಾದರೆ ಅಥವಾ ರದ್ದಾದರೆ ಸೈಕಲ್ ಹೇಗೆ ಶುರು ಮಾಡುತ್ತೀರಿ ಅಂತ ಮೊದಲೇ ಯೋಚಿಸಿಟ್ಟಿರಿ.

ಮಲೇಷ್ಯಾದ ಲಂಗ್ಕಾವಿಗೋ ಥಾಯ್ಲೆಂಡಿನ ಫುಕೆಟ್‌ಗೋ ರೇಸ್‌ಗೆ ಹೋಗುವವರು ಇದೇ ಹಾಳೆ ಬಳಸಬಹುದು, ತುಂಬುವುದು ಬೇರೆ. ಅಲ್ಲಿ ಗಾಳಿಗಿಂತ ಮಳೆಯ ಚಿಂತೆ ಜಾಸ್ತಿ, ಒದ್ದೆ ರಸ್ತೆಗೆ ಟೈರ್ ನೋಡಿಕೊಳ್ಳಿ. ಅಂಡಮಾನ್ ಕಡಲಿನ ಬಾಕ್ಸ್ ಜೆಲ್ಲಿಫಿಶ್ ಪ್ರಾಣವನ್ನೇ ತೆಗೆಯಬಲ್ಲದು, ಆದ್ದರಿಂದ ದಡದಲ್ಲಿ ವಿನಿಗರ್ ಇಟ್ಟಿರುವ ಕಂಬ ಎಲ್ಲಿದೆ ಅಂತ ನೋಡಿಯೇ ನೀರಿಗಿಳಿಯಿರಿ.

ಸೈಕಲನ್ನು ಹಿಂದಿನ ದಿನವೇ ಪಿಯರ್ ಮೇಲೆ ಬಿಟ್ಟು ಬರಬೇಕು. ಮಧ್ಯಾಹ್ನದ ಬಿಸಿಲಿಗೆ ಟೈರ್ ಒಳಗಿನ ಗಾಳಿ ಹಿಗ್ಗುತ್ತದೆ, ಹಾಗಾಗಿ ಸ್ವಲ್ಪ ಗಾಳಿ ಇಳಿಸಿ ಬನ್ನಿ, ಬೆಳಗ್ಗೆ ಪಂಪ್ ಹೊಡೆಯಿರಿ. ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತದೆ, ಎಣ್ಣೆ ಹಾಕಿ ಒರೆಸಿಡಿ. ಓಟದ ಚೀಲಕ್ಕೆ ಒಂದು ಜೊತೆ ಒಣ ಸಾಕ್ಸ್ ಹಾಕಿ. ಕಪ್ಪು ಕನ್ನಡಕ ಒಂದನ್ನೇ ನಂಬಿಕೊಂಡಿದ್ದರೆ ಪಾರದರ್ಶಕದ್ದೂ ಒಂದಿರಲಿ, ಕ್ವೀನ್ ಕೆ. ಹೆದ್ದಾರಿಯಲ್ಲಿ ಸಂಜೆ ಆರೂವರೆಯ ಮೇಲೆ ದೀಪಗಳು ಬಹಳ ಕಡಿಮೆ.