ಅಜ್ಜಿಗೊಂದು ಸಕ್ಕರೆ ಬುರುಡೆ

ಮೆಕ್ಸಿಕೋದ ಟೊಲೂಕಾ ಊರಿಗೆ ಬಂದ ಮೊದಲ ವರ್ಷ ಅಕ್ಟೋಬರಲ್ಲಿ ಪೇಟೆ ಕಮಾನುಗಳ ಕೆಳಗೆ ಆಲ್ಫೆನ್ಯೀಕೆ (ಸಕ್ಕರೆ ಗೊಂಬೆಗಳ) ಜಾತ್ರೆ ನೋಡೋಕ್ ಹೋಗಿದ್ವಿ, ಸಾಲಾಗಿ ಸಕ್ಕರೆ ತಲೆಬುರುಡೆ, ಹಣೆ ಮೇಲೆ ಹೆಸ್ರು, ನಿಜ ಹೇಳ್ಬೇಕಂದ್ರೆ ಒಂಥರಾ ಆಯ್ತು. ಆಮೇಲೆ ಪಕ್ಕದ್ಮನೆ ಸೆನ್ಯೋರಾ ಹೇಳಿದ್ರು, ಇದೆಲ್ಲ ತೀರ್ಕೊಂಡೋರ ಹಬ್ಬಕ್ಕೆ, ನವೆಂಬರ್ 1ಕ್ಕೆ ತೀರ್ಕೊಂಡ ಮಕ್ಳು ಬರ್ತಾರೆ, 2ಕ್ಕೆ ದೊಡ್ಡೋರು, ಅವ್ರಿಗೆ ಇಷ್ಟ ಇದ್ದಿದ್ದೆಲ್ಲ ಇಡ್ಬೇಕು ಅಂತ. ಅಯ್ಯೋ, ನಮ್ ಪಿತೃಪಕ್ಷದ ಎಡೆ ತರಾನೇ ಅಲ್ವಾ ಅನ್ನಿಸ್ತು.

ಈ ಸಲ ತೀರ್ಕೊಂಡ ನಮ್ಮಜ್ಜಿಗೆ ಅಂತ ನಾನೇ ಒಂದು ಬುರುಡೆ ಮಾಡಿದೆ. ಇಲ್ಲಿ ಕಸುಬಿನೋರು ನೀರಲ್ಲಿ ನೆನೆಸಿದ ಮಣ್ಣಿನ ಅಚ್ಚಿಗೆ ಬಿಸಿ ಪಾಕ ಹುಯ್ದು, ಅಂಚು ಗಟ್ಟಿಯಾದ್ಮೇಲೆ ಮಧ್ಯದ್ದನ್ನ ವಾಪಸ್ ಬಗ್ಗಿಸ್ತಾರೆ, ಒಳಗೆ ಟೊಳ್ಳಾಗುತ್ತೆ. ಸಂಕ್ರಾಂತಿ ಸಕ್ಕರೆ ಅಚ್ಚಿಗೆ ಅಜ್ಜಿ ಮರದ ಅಚ್ಚು ನೆನೆಸಿಡ್ತಿದ್ರಲ್ಲ, ಅದೇ. ನಂಗೆ ಪಾಕದ ಸಹವಾಸ ಬೇಡ ಅಂತ ಪ್ಲಾಸ್ಟಿಕ್ ಅಚ್ಚು, ಒದ್ದೆ ಸಕ್ಕರೆ.

ತಲೆನೋವು ಬಂದಿದ್ದು ಮೊಟ್ಟೇದು. ಅಂಟೋಕೆ ಎಲ್ರೂ ಮೊಟ್ಟೆ ಬಿಳಿ ಹಾಕ್ತಾರೆ, ನಮ್ಮಜ್ಜಿ ಮೊಟ್ಟೆ ತಂದ ಚೀಲಾನೂ ಅಡುಗೆಮನೆ ಒಳಗೆ ಬಿಡ್ತಿರ್ಲಿಲ್ಲ, ಅಷ್ಟು ಮಡಿ, ಬಾಗ್ಲಿಂದಾನೇ ವಾಪಸ್ ಹೋಗ್ಬಿಡ್ತಾರೆ ಅಷ್ಟೆ! ಅದಕ್ಕೆ ಕಾಬೂಲ್ ಕಡಲೆ ಬೇಯಿಸಿದ ಗಟ್ಟಿ ನೀರು ಹಾಕಿದೆ. ಮೊದಲನೇದು ನೀರು ಜಾಸ್ತಿಯಾಗಿ ಗಲ್ಲ ಕುಸೀತು. ಕಪ್ ಸಕ್ಕರೆಗೆ ಒಂದೇ ಟೀ ಸ್ಪೂನಿಂದ ಶುರು ಮಾಡಿ, ಮುಷ್ಟೀಲಿ ಹಿಡಿದ್ರೆ ಬೆರಳಿನ ಗುರುತು ನಿಲ್ಬೇಕು, ಅಷ್ಟೇ ಸಾಕು. ಒತ್ತಿ ತುಂಬಿ ರಟ್ಟಿನ ಮೇಲೆ ಬೋರಲು ಹಾಕಿ ರಾತ್ರಿಯೆಲ್ಲ ಬಿಟ್ಟೆ.

ಐಸಿಂಗಿಗೂ ಅದೇ ಕಡಲೆ ನೀರು, ಪುಡಿಸಕ್ಕರೆ, ನಾಲ್ಕು ಹನಿ ನಿಂಬೆರಸ, ಎತ್ತಿದ್ರೆ ಕೊಂಬಿನ ಹಾಗೆ ನಿಲ್ಲೋವರೆಗೂ ಬೀಟ್ ಮಾಡಿ ಪ್ಲಾಸ್ಟಿಕ್ ಕವರನ್ನ ಮೆಹಂದಿ ಕೋನ್ ತರ ಸುತ್ತಿ ತುಂಬ್ಕೊಂಡೆ. ಕಣ್ಣಿಗೆ ಕೆಂಪು ಬೇಗಡೆ, ಸುತ್ತ ಹಳದಿ ಎಸಳು, ಗಲ್ಲದ ಮೇಲೆ ನಮ್ಮ ಎಳೆ ರಂಗೋಲಿ ಬಳ್ಳಿ. ಹಣೆ ಮೇಲೆ 'ಅಜ್ಜಿ' ಅಂತ ಬರೆಯೋದ್ರಲ್ಲೇ ಎಡವಟ್ಟಾಯ್ತು, ಒತ್ತಕ್ಷರ ಹರಡ್ಕೊಂಡು ಮುದ್ದೆಯಾಗಿ 'ಅಜಿ' ಅಂತ ಓದೋ ಹಾಗಾಯ್ತು, ಎರಡು ಸಲ ಕೆರೆದೆ, ಮೂರನೇ ಸಲ ಹಣೇಲಿ ಗುಳಿ ಬೀಳತ್ತೆ ಅಂತ ಬಿಟ್ಟೆ.

2ನೇ ತಾರೀಕು ಚೆಂಡುಹೂವಿನ ಮಧ್ಯೆ (ಈ ಹೂವಿನ ತವರು ಮೆಕ್ಸಿಕೋನೇ ಅಂತ ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು) ಬುರುಡೆ ಇಟ್ಟು, ಪಕ್ಕದಲ್ಲೇ ಹಬೆಯಾಡೋ ಫಿಲ್ಟರ್ ಕಾಫಿ ಇಟ್ಟೆ. ಬೆಳಿಗ್ಗೆ ನೋಡಿದ್ರೆ ಆ ಕಡೆ ಬೇಗಡೆ ಒಂಚೂರು ಜಾರಿತ್ತು, ಮುಂದಿನ ವರ್ಷ ಲೋಟ ಒಂದು ಗೇಣು ದೂರ ಇಡ್ಬೇಕು.