ಕಂಪನಿಯನ್ನು ಓಪನ್ ಸೋರ್ಸ್‌ಗೆ ಒಪ್ಪಿಸಬೇಕಾ? ಮೊದಲು ಅವರ ಭಯ ಕೇಳಿಸಿಕೊಳ್ಳಿ

ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್, ತಂದರೆ ಲೈಸೆನ್ಸ್ ದುಡ್ಡು ಉಳಿಯುತ್ತದೆ ಅಂತ ಮಾತು ಶುರು ಮಾಡಬೇಡಿ. ಅದು ಮ್ಯಾನೇಜರ್‌ಗೆ ಮೊದಲೇ ಗೊತ್ತು, ಗೊತ್ತಿದ್ದೂ ಬೇಡ ಅನ್ನುತ್ತಿದ್ದಾರೆ ಅಂದರೆ ಬೇರೇನೋ ಇದೆ ಅಲ್ವಾ? ನಡುರಾತ್ರಿ ಡೇಟಾಬೇಸ್ ನಿಂತುಹೋದರೆ ಯಾರಿಗೆ ಫೋನ್ ಮಾಡುವುದು? ಇವತ್ತು ಅದಕ್ಕೆ ಉತ್ತರ ಇದೆ, ಕಾಂಟ್ರ್ಯಾಕ್ಟ್‌ನಲ್ಲೇ ನಂಬರ್ ಇದೆ. ಹೊಸದು ತಂದವರ ತಲೆಗೇ ಮುಂದಿನ ತಪ್ಪೆಲ್ಲ ಕಟ್ಟುತ್ತಾರೆ ಅನ್ನುವುದೂ ಅವರಿಗೆ ಗೊತ್ತು. ಇದು ಹಟ ಅಲ್ಲ, ನ್ಯಾಯವಾದ ಭಯ.

ಹಾಗಾಗಿ ಮೊದಲು ಫೋನ್ ಎತ್ತುವವರನ್ನು ಹುಡುಕಿ. ಪೋಸ್ಟ್‌ಗ್ರೆಸ್ ಅನ್ನುವ ಓಪನ್ ಸೋರ್ಸ್ ಡೇಟಾಬೇಸ್ ತರುವುದಾದರೆ, ದುಡ್ಡು ಪಡೆದು ಅದಕ್ಕೆ ಸಪೋರ್ಟ್ ಕೊಡುವ ಕಂಪನಿಗಳಿವೆ. ಆ ಖರ್ಚನ್ನೂ ಲೆಕ್ಕದಲ್ಲಿ ಬರೆಯಿರಿ. ಫ್ರೀ ಅಂತ ಹೇಳಿ ಆಮೇಲೆ ಬಿಲ್ ತೋರಿಸಿದರೆ ನಿಮ್ಮನ್ನು ಮತ್ತೆ ಯಾರೂ ನಂಬುವುದಿಲ್ಲ.

ಆಮೇಲೆ ಹಳೆಯದು ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ನೋಡಿ. ಜಾಸ್ತಿ ಸಮಯ ಇಲ್ಲೇ ಕೊಡಿ. ಲೈಸೆನ್ಸ್ ಕೊಂಡು ಬಳಸುವ ಒರಾಕಲ್ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್‌ಗೆ ಬರುತ್ತಿದ್ದರೆ ಟೇಬಲ್‌ಗಳನ್ನು ಓರಾ2ಪಿಜಿ ಥರದ ಟೂಲ್ ತಂದುಕೊಡುತ್ತದೆ, ಕಷ್ಟ ಇರುವುದು ವರ್ಷಗಟ್ಟಲೆ ಬರೆದಿಟ್ಟ ಕ್ವೆರಿಗಳಲ್ಲಿ, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಸಾಲುಗಳಲ್ಲಿ. ಒಂದು ಉದಾಹರಣೆ ನೋಡಿ. ಹೆಸರಿನ ಮೂರು ಭಾಗಗಳನ್ನು ಎರಡು ಗೆರೆಯ ಗುರುತಿನಿಂದ (||) ಜೋಡಿಸುವ ಕ್ವೆರಿ ಇದೆ ಅಂದುಕೊಳ್ಳಿ. ಮಧ್ಯದ ಭಾಗ ನಲ್, ಅಂದರೆ ಏನೂ ತುಂಬದ ಖಾಲಿ, ಆಗಿದ್ದರೆ ಒರಾಕಲ್ ಅದನ್ನು ಬಿಟ್ಟು ಉಳಿದದ್ದನ್ನು ಜೋಡಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಕ್ವೆರಿಗೆ ಪೂರ್ತಿ ಹೆಸರೇ ನಲ್! ಎರರ್ ಏನೂ ಬರುವುದಿಲ್ಲ, ರಿಪೋರ್ಟ್‌ನಲ್ಲಿ ಸುಮ್ನೆ ಖಾಲಿ ಜಾಗ ಕಾಣುತ್ತದೆ. ಒರಾಕಲ್‌ನ ಡೇಟ್ ಕಾಲಂನಲ್ಲಿ ಗಂಟೆ ನಿಮಿಷವೂ ಇರುತ್ತದೆ, ಪೋಸ್ಟ್‌ಗ್ರೆಸ್‌ನ ಡೇಟ್‌ನಲ್ಲಿ ದಿನ ಮಾತ್ರ, ಅದಕ್ಕೆ ಟೈಮ್‌ಸ್ಟ್ಯಾಂಪ್ ಬಳಸಬೇಕು. ಇಂಥವುಗಳ ಪಟ್ಟಿ ಮಾಡಿ ಮೀಟಿಂಗ್‌ಗೆ ನೀವೇ ತೆಗೆದುಕೊಂಡು ಹೋಗಿ. ತೊಂದರೆಯನ್ನು ಮುಚ್ಚಿಡದೆ ಹೇಳುವವರ ಮಾತಿಗೆ ತೂಕ ಇರುತ್ತದೆ.

ಬಳಸುವವರ ಕಣ್ಣಿಗೆ ಕಾಣುವ ಸಾಫ್ಟ್‌ವೇರ್ ಬದಲಿಸುವುದಾದರೆ ಫ್ರಾನ್ಸ್‌ನ ಜೆಂಡಾರ್ಮರಿ ಪೊಲೀಸರು ಹಿಡಿದ ದಾರಿ ನನಗೆ ತುಂಬಾ ಇಷ್ಟ. ಅವರು 2005ರಲ್ಲಿ ಪತ್ರ, ಲೆಕ್ಕ ಬರೆಯುವ ಓಪನ್‌ಆಫೀಸ್ ತಂದರು, ಆಮೇಲೆ ಬ್ರೌಸರ್ ಫೈರ್‌ಫಾಕ್ಸ್, ಈಮೇಲ್‌ಗೆ ಥಂಡರ್‌ಬರ್ಡ್. ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಸಿಸ್ಟಂಗೆ ಕೈ ಹಾಕಿದ್ದು 2008ರಲ್ಲಿ. ಅಷ್ಟರಲ್ಲಿ ದಿನಾ ತೆರೆಯುವ ಪ್ರೋಗ್ರಾಂಗಳು ಕೈಗೆ ಹತ್ತಿದ್ದವು, ಕೆಳಗಿನ ಸಿಸ್ಟಂ ಬದಲಾದರೂ ಕೆಲಸ ಹೊಸದಾಗಿ ಕಲಿಯಬೇಕಾಗಲಿಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದಿತ್ತು, ಆದರೂ 2017ರಲ್ಲಿ ವಿಂಡೋಸ್‌ಗೆ ವಾಪಸ್ ಹೋಗುವ ತೀರ್ಮಾನ ಆಯಿತು. ಅಂದರೆ ಇನ್‌ಸ್ಟಾಲ್ ಮುಗಿದರೆ ಕೆಲಸ ಮುಗಿದಂತಲ್ಲ. ಆಮೇಲೂ ದೂರು ಕೇಳುವ ಒಬ್ಬರು ಅಲ್ಲೇ ಇರಬೇಕು, ಮೇಲಿನವರು ಬದಲಾದಾಗ ಹೊಸಬರಿಗೆ ಮತ್ತೆ ಎಲ್ಲ ವಿವರಿಸಬೇಕು.

ಡೇಟಾಬೇಸ್ ವಿಷಯದಲ್ಲಿ ಸಣ್ಣ ರಿಪೋರ್ಟ್ ಒಂದರಿಂದ ಶುರು ಮಾಡಿ. ಹಳೆಯದು, ಹೊಸದು ಎರಡನ್ನೂ ಜೊತೆಗೇ ಓಡಿಸಿ, ತಿಂಗಳ ಕೊನೆಯ ಲೆಕ್ಕ ಎರಡು ಮೂರು ಸಲ ಹಾಗೆ ದಾಟಲಿ. ಮೊತ್ತ ತಾಳೆ ಆಗಿದೆ ಅಂತ ನೀವು ಹೇಳಬೇಡಿ, ಅಕೌಂಟ್ಸ್‌ನವರೇ ನೋಡಿ ಹೇಳಲಿ. ಹಳೆಯದನ್ನು ಯಾವಾಗ ಆಫ್ ಮಾಡುವುದು ಅಂತ ಆಮೇಲೆ ಅವರನ್ನೇ ಕೇಳಿ.