ಯಾರಾದರೂ ಎಚ್ಚರ ತಪ್ಪಿ ಬಿದ್ದರೆ: ಕಾರವಾರಕ್ಕೆ ಹೊಸದಾಗಿ ಬಂದವರಿಗೆ

ಕೈಗಾ ಅಣುಸ್ಥಾವರಕ್ಕೋ ಸೀಬರ್ಡ್ ನೌಕಾನೆಲೆಗೋ ವರ್ಗವಾಗಿ ಬಂದು ಈಗಷ್ಟೇ ಮನೆ ಮಾಡಿದ್ದೀರಿ. ಗ್ಯಾಸು, ಶಾಲೆ, ಬಾಡಿಗೆ ಕರಾರು ನಿಧಾನಕ್ಕೆ ಆಗುತ್ತದೆ. ಇದನ್ನು ಮಾತ್ರ ಇವತ್ತೇ ಮನೆಮಂದಿಯೆಲ್ಲ ಓದಿಬಿಡಿ.

ಬಯಲುಸೀಮೆಯಿಂದ ಬಂದವರಿಗೆ ಇಲ್ಲಿಯ ಸೆಕೆ ಹೊಸದು. ಏಪ್ರಿಲ್, ಮೇ ತಿಂಗಳಲ್ಲಿ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಆಗ ಚಕ್ಕರ್ ಬಂದು ಬೀಳುವುದು ಸುಲಭ. ಹೋದ ಬೇಸಿಗೆಯ ಭಾನುವಾರದ ಸಂತೆಯಲ್ಲಿ ಒಬ್ಬ ಅಮ್ಮ ನಿಂತಲ್ಲೇ ಬಿಳುಚಿಕೊಂಡರು. ತುಟಿಯ ಮೇಲೆ ಬೆವರ ಹನಿ. ಕೈಚೀಲ ಜಾರಿ ಈರುಳ್ಳಿ ಉರುಳಿತು, ಹಿಂದೆಯೇ ಅವರೂ ಕುಸಿದರು. ಸುತ್ತ ಇದ್ದವರು ಎತ್ತಿ ಕೂರಿಸಲು ಹೊರಟರು. ಒಬ್ಬರು ಬಾಯಿಗೆ ನೀರಿನ ಬಾಟಲಿ ಹಿಡಿದರು. ಮೀನು ಮಾರುವ ಅಕ್ಕ ಒಬ್ಬರು "ಕೂರಿಸಬೇಡಿ, ಮಲಗಿಸಿ" ಎಂದು ಗದರಿ, ತಮ್ಮ ಖಾಲಿ ಬುಟ್ಟಿ ಬೋರಲು ಹಾಕಿ ಅವರ ಕಾಲು ಅದರ ಮೇಲಿಟ್ಟರು. ನಿಮಿಷದೊಳಗೆ ಅಮ್ಮ ಕಣ್ಣು ಬಿಟ್ಟರು.

ಆ ಅಕ್ಕ ಮಾಡಿದ್ದೇ ಸರಿ. ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾದಾಗ ಹೀಗಾಗುತ್ತದೆ. ಮಲಗಿಸಿದರೆ ರಕ್ತ ತಾನಾಗಿ ತಲೆಗೆ ಬರುತ್ತದೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಪೂರ್ತಿ ಎಚ್ಚರವಾದ ಮೇಲೆ ಕುಡಿಸಿ.

ಒಂದು ನಿಮಿಷವಾದರೂ ಕಣ್ಣು ಬಿಡದಿದ್ದರೆ ಅದು ಬರೀ ಚಕ್ಕರ್ ಅಲ್ಲ. ಆದರೆ ಆ ನಿಮಿಷ ಸುಮ್ಮನೆ ಕಾಯಬೇಡಿ, ಬಿದ್ದ ಕೂಡಲೇ ಹೆಗಲು ತಟ್ಟಿ ಜೋರಾಗಿ ಕರೆಯಿರಿ. ಎದೆ ಏಳುತ್ತಿದೆಯಾ ಅಂತ 10 ಸೆಕೆಂಡ್ ನೋಡಿ. ಉಸಿರು ಸರಿಯಾಗಿದ್ದರೆ ಮಗ್ಗುಲಿಗೆ ಹೊರಳಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ. ವಾಂತಿಯಾದರೂ ಹೊರಗೆ ಹೋಗಲಿ. 108ಕ್ಕೆ ಫೋನ್ ಮಾಡಿ.

ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಗೊರ ಎಂದರೆ ಅದನ್ನು ಉಸಿರಾಟ ಅಂದುಕೊಳ್ಳಬೇಡಿ. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಹೀಗಾದರೂ, ಉಸಿರೇ ಇಲ್ಲದಿದ್ದರೂ ಹೃದಯ ನಿಂತಿದೆ ಎಂದೇ ತಿಳಿದು 108ಕ್ಕೆ ಹೇಳಿ, ಫೋನ್ ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ. ಎದೆಯ ನಡುಮಧ್ಯೆ ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಕೈ ಸೋತರೆ ಇನ್ನೊಬ್ಬರು ಮುಂದುವರಿಸಲಿ. ಪಕ್ಕೆಲುಬು ಮುರಿದೀತು ಅಂತ ಹೆದರಿ ನಿಲ್ಲಿಸಬೇಡಿ. ಹೃದಯ ನಿಂತಾಗ ನಾಲ್ಕೈದು ನಿಮಿಷ ತಡವಾದರೂ ಮಿದುಳಿಗೆ ಪೆಟ್ಟು.

ಸಮುದ್ರದಲ್ಲಿ ಮುಳುಗಿದವರನ್ನು ಎಳೆದು ತಂದಾಗ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗುತ್ತಾರೆ. ಅದು ಬೇಡ. ಅವರಿಗೆ ಬೇಕಾಗಿರುವುದು ಗಾಳಿ. ಕಲಿತವರು ಇದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಲಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದೂ ಬೇಡ. ತಲೆ ಕೆಳಗೆ ಮೆತ್ತಗಿನದು ಇಡಿ, ಬಾಯಿಗೆ ಏನೂ ತುರುಕಬೇಡಿ. 5 ನಿಮಿಷ ದಾಟಿದರೆ 108.

ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ. ಬೀದಿ ಹೆಸರಿಗಿಂತ ದೇವಸ್ಥಾನ, ಅಂಗಡಿ, ಹೆದ್ದಾರಿ 66ರ ಕಿಲೋಮೀಟರ್ ಕಲ್ಲು ಹೇಳಿದರೆ ಬೇಗ ಸಿಗುತ್ತದೆ. ಶಿರಸಿ ಕಡೆ ದೇವಿಮನೆ ಘಟ್ಟ ಹತ್ತುವಾಗ ಸಿಗ್ನಲ್ ಹೋದರೆ ಒಬ್ಬರು ಬೈಕ್ ಹತ್ತಿ ಸಿಗ್ನಲ್ ಸಿಗುವ ಕಡೆ ಹೋಗಲಿ, ಇನ್ನೊಬ್ಬರು ಒತ್ತುತ್ತಲೇ ಇರಲಿ.

ನಿಮ್ಮ ಮನೆಯ ಗುರುತನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಅಜ್ಜಿಯೂ ಮೊಮ್ಮಗಳೂ ಇಬ್ಬರೇ ಇದ್ದಾಗ ಮಗು ಅದನ್ನೇ ಓದಿ ಹೇಳಲಿ.